ಬಿ.ಕಾಂ. ಜೊತೆಗೆ ಬಿ.ಬಿ.ಎ. ಕೇಳಿದ ಹುಡುಗಿ

2023ರ ಜೂನ್ ತಿಂಗಳು. ನಾನಾಗ ಮೈಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಫೈನಾನ್ಸ್ ಪಾಠ ಮಾಡಲು ಶುರುಮಾಡಿ ಮೂವತ್ತು ವರ್ಷ ಕಳೆದಿತ್ತು, ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಕಾಲೇಜಿನಲ್ಲಿ ನನ್ನ ಇಂಗ್ಲಿಷಿಗೆ ಹೆಸರಿತ್ತು, ನನ್ನ ನಾಲಿಗೆಗೆ ಅದಕ್ಕಿಂತ ಹೆಚ್ಚು ಹೆಸರಿತ್ತು. ಸ್ಟೆಲ್ಲಾ ಮೇಡಂ ಕ್ಲಾಸಿನಲ್ಲಿ ನಿದ್ದೆ ಬರುವುದಿಲ್ಲ, ಆದರೆ ಅವರ ಬಾಯಿಗೆ ಸಿಕ್ಕರೆ ಮೂರು ವರ್ಷ ಉಳಿಗಾಲವಿಲ್ಲ ಎಂದು ಹುಡುಗರು ಹೇಳಿಕೊಳ್ಳುತ್ತಿದ್ದರು. ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಅದರ ಹಿಂದಿನ ವರ್ಷವಷ್ಟೇ, ವಿದ್ಯಾರ್ಥಿಯೊಬ್ಬ ಏಕಕಾಲಕ್ಕೆ ಎರಡು ಪದವಿ ಓದಬಹುದು ಎಂಬ ನಿಯಮ ಬಂದಿತ್ತು. ಒಂದನ್ನು ಎಂದಿನಂತೆ ಕಾಲೇಜಿಗೆ ಬಂದು ಓದುವುದು, ಇನ್ನೊಂದನ್ನು ಬೇರೆ ವಿಶ್ವವಿದ್ಯಾಲಯದಿಂದ ಆನ್‌ಲೈನಿನಲ್ಲಿ ಓದುವುದು. ಇದಕ್ಕೆ ಎಲ್ಲರೂ ಡಬಲ್ ಡಿಗ್ರಿ ಎನ್ನತೊಡಗಿದರು. ಬಿ.ಕಾಂ. ಫೈನಾನ್ಸ್ ಜೊತೆಗೆ ಯಾವ ಎರಡನೇ ಪದವಿ ಜೋಡಿಸಿಕೊಂಡರೆ ಒಳ್ಳೆಯದು ಎಂದು ಮಕ್ಕಳಿಗೂ ಹೆತ್ತವರಿಗೂ ಗೊಂದಲ. ಹಾಗಾಗಿ ಪ್ರವೇಶದ ದಿನಗಳಲ್ಲಿ ಕಾಲೇಜಿನ ಸಭಾಂಗಣದಲ್ಲಿ ಒಂದು ಮೇಜು ಹಾಕಿ ನನ್ನನ್ನು ಕೂರಿಸಿದರು. ಕಾಂಬಿನೇಷನ್ ಆರಿಸಿಕೊಡುವುದು ನನ್ನ ಕೆಲಸ. ಮೇಜಿನ ಮುಂದೆ ಸಾಲಾಗಿ ಕುರ್ಚಿಗಳು, ಅವುಗಳಲ್ಲಿ ಸರದಿಗೆ ಕಾಯುವ ಮಕ್ಕಳು, ಅಪ್ಪ ಅಮ್ಮಂದಿರು. ನಾನು ಒಬ್ಬರಿಗೆ ಹೇಳುವ ಬುದ್ಧಿಮಾತು ಎಲ್ಲರಿಗೂ ಕೇಳಿಸುತ್ತಿತ್ತು. ಹಾಗೆ ಕೇಳಿಸಬೇಕೆಂದೇ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತಿದ್ದೆ.

ನನ್ನ ಸಲಹೆಗೆ ಒಂದು ಸೂತ್ರವಿತ್ತು. ಎರಡು ಪದವಿ ಒಂದರ ಕೊರತೆಯನ್ನು ಇನ್ನೊಂದು ತುಂಬುವಂತಿರಬೇಕು. ಫೈನಾನ್ಸ್ ಓದುವವರು ಲೆಕ್ಕಾಚಾರದ ಕಡೆಯಿಂದ ಏನಾದರೂ ಸೇರಿಸಿಕೊಂಡರೆ ಉದ್ಯೋಗಕ್ಕೆ ದಾರಿ ಅಗಲವಾಗುತ್ತದೆ. ಆದ್ದರಿಂದ ಬಿ.ಕಾಂ. ಫೈನಾನ್ಸ್ ಜೊತೆಗೆ ಡೇಟಾ ಅನಲಿಟಿಕ್ಸ್, ಅಂದರೆ ಅಂಕಿಅಂಶಗಳ ರಾಶಿಯಿಂದ ಅರ್ಥ ಹೊರತೆಗೆಯುವ ವಿದ್ಯೆ, ಇದೇ ನನ್ನ ಮೆಚ್ಚಿನ ಜೋಡಿ. ಸೂತ್ರದಲ್ಲಿ ತಪ್ಪಿರಲಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ನನ್ನ ನಾಚಿಕೆ ಇರುವುದು ಬೇರೆ ಕಡೆ.

ಸುಜಾತ ಬಂದಿದ್ದು ಒಂದು ಶುಕ್ರವಾರ, ತಂದೆಯ ಜೊತೆ. ಊರಂಚಿನ ಕೆಸರೆಯವರು. ತಂದೆ ಸಿದ್ದರಾಜು ಹೂಟಗಳ್ಳಿಯ ಕಾರ್ಖಾನೆಯೊಂದಕ್ಕೆ ಸ್ಟಾಫ್ ಬಸ್ ಓಡಿಸುತ್ತಿದ್ದರು. ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದಿದ್ದರು, ಕುರ್ಚಿ ಖಾಲಿಯಿದ್ದರೂ ಕೂರಲಿಲ್ಲ. ಹುಡುಗಿ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯ ಓದಿದ್ದಳು, ಸಂಖ್ಯಾಶಾಸ್ತ್ರವನ್ನೂ ತೆಗೆದುಕೊಂಡಿದ್ದಳು, ಅಂಕಗಳೂ ಚೆನ್ನಾಗಿದ್ದವು. ಡೇಟಾ ಅನಲಿಟಿಕ್ಸಿಗೆ ಹೇಳಿ ಮಾಡಿಸಿದ ಹುಡುಗಿ ಎಂದುಕೊಂಡು ಅರ್ಜಿ ನೋಡಿದರೆ, ಬಿ.ಕಾಂ. ಫೈನಾನ್ಸ್ ಜೊತೆಗೆ ಎರಡನೇ ಪದವಿಯ ಜಾಗದಲ್ಲಿ ಬಿ.ಬಿ.ಎ. ಫೈನಾನ್ಸ್ ಎಂದು ಬರೆದಿದ್ದಳು.

ವಾಣಿಜ್ಯ ಓದದವರಿಗೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಬಿ.ಕಾಂ. ಮತ್ತು ಬಿ.ಬಿ.ಎ. ಹೆಸರಿನಲ್ಲಿ ಬೇರೆ ಬೇರೆ. ಆದರೆ ಎರಡರಲ್ಲೂ ಫೈನಾನ್ಸನ್ನೇ ಆರಿಸಿಕೊಂಡರೆ ಪಾಠಗಳು ಬಹುಪಾಲು ಒಂದೇ. ಅಲ್ಲಿ ಕಲಿತಿದ್ದನ್ನೇ ಇಲ್ಲೂ ಕಲಿಯುವುದು. ಎರಡು ಪದವಿಯ ಶ್ರಮ, ಒಂದೇ ಪದವಿಯ ವಿದ್ಯೆ.

ನಾನು ಅರ್ಜಿಯನ್ನು ಮೇಲೆತ್ತಿ ಹಿಡಿದೆ. "ಏನಮ್ಮಾ ಇದು? ಇಡ್ಲಿಗೆ ಚಟ್ನಿ ಬೇಡ, ನೆಂಚ್ಕೊಳ್ಳೋಕೂ ಇಡ್ಲಿನೇ ಹಾಕಿ ಅಂದ ಹಾಗಾಯ್ತಲ್ಲ!"

ಸಭಾಂಗಣ ಗೊಳ್ಳೆಂದಿತು. ಹಿಂದಿನ ಸಾಲಿನ ಹುಡುಗರು ಕುರ್ಚಿ ಕುಟ್ಟಿಕೊಂಡು ನಕ್ಕರು. ಸಿದ್ದರಾಜು ಅವರೂ ನಕ್ಕರು. ಬಿ.ಕಾಂ.ಗೂ ಬಿ.ಬಿ.ಎ.ಗೂ ಏನು ವ್ಯತ್ಯಾಸವೆಂದು ಅವರಿಗೆ ತಿಳಿದಿರಲಿಲ್ಲ. ಮೇಡಂ ತಮಾಷೆ ಮಾಡಿದಾಗ ನಗದೆ ನಿಂತರೆ ಮರ್ಯಾದೆಯಲ್ಲ ಎಂದು ನಕ್ಕರು. ಮಗಳನ್ನು ನೋಡಿ ನಗುತ್ತಿದ್ದಾರೆ ಎನ್ನುವುದು ಅವರಿಗೆ ತಿಳಿದಿತ್ತೋ ಇಲ್ಲವೋ. ಸುಜಾತ ಮಾತ್ರ ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು.

"ಸ್ಟ್ಯಾಟಿಸ್ಟಿಕ್ಸ್ ಓದಿದ್ದೀಯ, ಇಷ್ಟು ಅಂಕ ತೆಗೆದಿದ್ದೀಯ. ಡೇಟಾ ಅನಲಿಟಿಕ್ಸ್ ತಗೋ. ನಾಲ್ಕು ಜನ ಕರೆದು ಕೆಲಸ ಕೊಡ್ತಾರೆ. ಆಗಬಹುದಾ?"

ಅವಳು ತಂದೆಯ ಮುಖ ನೋಡಿದಳು. "ಮೇಡಮ್ಮೋರು ಏಳಿದ್ ಮ್ಯಾಲೆ ಮುಗೀತು ಕಣವ್ವ," ಎಂದರು ಸಿದ್ದರಾಜು. "ಅವ್ರಿಗಿಂತ ನಮಗ್ ಗೊತ್ತಾ? ಬರಿ."

ಅವಳು ಬಿ.ಬಿ.ಎ. ಹೊಡೆದು ಹಾಕಿ ಡೇಟಾ ಅನಲಿಟಿಕ್ಸ್ ಎಂದು ಬರೆದುಕೊಟ್ಟಳು. ನಾನು ಸಹಿ ಹಾಕಿದೆ. ಒಂದು ಹುಡುಗಿಯ ಭವಿಷ್ಯ ಸರಿಮಾಡಿದ ತೃಪ್ತಿಯಲ್ಲಿ ಮಧ್ಯಾಹ್ನದ ಊಟ ಮಾಡಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಜನ ನಕ್ಕ ಮಾತನ್ನು ಒಂದೇ ಸಲ ಹೇಳಿ ಬಿಡುವ ಜಾಯಮಾನ ನನ್ನದಲ್ಲ. ತರಗತಿಗಳು ಆರಂಭವಾಗುವ ಮೊದಲು ಹೊಸ ಮಕ್ಕಳಿಗಾಗಿ ನಡೆದ ಸ್ವಾಗತ ಕಾರ್ಯಕ್ರಮದಲ್ಲಿ ವೇದಿಕೆ ಹತ್ತಿ, ಕಾಂಬಿನೇಷನ್ ಹೇಗೆ ಆರಿಸಬಾರದು ಎನ್ನುವುದಕ್ಕೆ ಅದೇ ಇಡ್ಲಿಯ ಉದಾಹರಣೆ ಕೊಟ್ಟೆ. ಹೆಸರು ಹೇಳಲಿಲ್ಲ, ಅದೇ ನನ್ನ ದೊಡ್ಡಗುಣ ಎಂದುಕೊಂಡಿದ್ದೆ. ಅವತ್ತು ಸಭಾಂಗಣದಲ್ಲಿದ್ದ ಹುಡುಗರು ಅಲ್ಲೂ ಇದ್ದರು. ಅವರು ಯಾರ ಕಡೆ ತಿರುಗಿ ನೋಡಿದರೆಂದು ನಾನು ಗಮನಿಸಲಿಲ್ಲ.

ಸುಜಾತ ನನ್ನ ತರಗತಿಯಲ್ಲೇ ಇದ್ದಳು. ತಪ್ಪದೆ ಬರುತ್ತಿದ್ದಳು, ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಪ್ರಶ್ನೆ ಕೇಳಿದರೆ ಎದ್ದು ನಿಂತು ಸುಮ್ಮನಿರುತ್ತಿದ್ದಳು. ನಾಚಿಕೆ ಸ್ವಭಾವ ಎಂದುಕೊಂಡು ನಾನು ಮುಂದಿನವರನ್ನು ಕೇಳುತ್ತಿದ್ದೆ. ಮಾರ್ಚ್ ತಿಂಗಳಲ್ಲಿ ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ಅವಳು ಮೂರು ವಿಷಯಗಳಲ್ಲಿ ನಪಾಸಾಗಿದ್ದಳು. ಅದರಲ್ಲಿ ಒಂದು ನನ್ನ ವಿಷಯ. ಆನ್‌ಲೈನ್ ಪದವಿಯ ಪರೀಕ್ಷೆಗೆ ಕೂತೇ ಇರಲಿಲ್ಲ. ಆಮೇಲೆ ಕಾಲೇಜಿಗೆ ಬರುವುದನ್ನೂ ನಿಲ್ಲಿಸಿದಳು.

ಹದಿನೈದು ದಿನ ಕಳೆದ ಮೇಲೆ ಕಚೇರಿಯಿಂದ ಒಂದು ಅರ್ಜಿ ನನ್ನ ಸಹಿಗೆ ಬಂತು. ಸಿದ್ದರಾಜು ಮಗಳ ಟಿ.ಸಿ. ಕೇಳಿದ್ದರು. ಟಿ.ಸಿ. ಎಂದರೆ ಕಾಲೇಜು ಬಿಡುವವರಿಗೆ ಕೊಡುವ ವರ್ಗಾವಣೆ ಪತ್ರ. ಅದು ಕೈಗೆ ಸಿಕ್ಕಿತೆಂದರೆ ನಮ್ಮ ಕಾಲೇಜಿನ ಓದು ಅಲ್ಲಿಗೆ ಮುಗಿದಂತೆ. ವಿಚಾರಿಸಿದಾಗ, ಮುಂದಿನ ಸೋಮವಾರದಿಂದ ಹುಡುಗಿಯನ್ನು ಒಂದು ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿಸುತ್ತಾರಂತೆ ಎಂದು ತಿಳಿಯಿತು.

ಆ ಅರ್ಜಿ ಕೈಯಲ್ಲಿ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಹೋಗಿ, "ಒಳ್ಳೇ ಹುಡುಗಿ ಕಣ್ರೀ, ಯಾಕೆ ಹೀಗಾಯ್ತೋ," ಎಂದೆ. ನನ್ನ ಸಹೋದ್ಯೋಗಿ ನಾಗರತ್ನ ತಲೆ ಎತ್ತಿ, "ಯಾರು, ಡಬಲ್ ಇಡ್ಲಿನಾ?" ಎಂದರು. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡರು. ಹುಡುಗರು ಹಾಗೆ ಕರೆಯುತ್ತಾರೆ, ಕೇಳಿ ಕೇಳಿ ತನ್ನ ಬಾಯಿಗೂ ಬಂದುಬಿಟ್ಟಿತು ಎಂದು ಸಮಜಾಯಿಷಿ ಕೊಟ್ಟರು. ಒಂಬತ್ತು ತಿಂಗಳಿಂದ ಆ ಹುಡುಗಿಗೆ ಕಾಲೇಜಿನಲ್ಲಿ ಇದೇ ಹೆಸರು. ಇಟ್ಟವಳು ನಾನು, ಗೊತ್ತಿಲ್ಲದಿದ್ದವಳೂ ನಾನೊಬ್ಬಳೇ. ಸಹಿ ಹಾಕದೆ ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡೆ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಸೀದಾ ಕೆಸರೆಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸ್ ಓಡಿಸುವ ಸಿದ್ದರಾಜು ಎಂದರೆ ಬೀದಿಯವರಿಗೆಲ್ಲ ಗೊತ್ತು. ನಾನು ಬಾಗಿಲಲ್ಲಿ ನಿಂತದ್ದೇ ಮನೆಯಲ್ಲಿ ಗಡಿಬಿಡಿ ಎದ್ದಿತು. ಸಿದ್ದರಾಜು ಬನಿಯನ್ನಿನ ಮೇಲೆ ಅಂಗಿ ಹಾಕಿಕೊಳ್ಳುತ್ತಲೇ ಬಂದು ಕೈಮುಗಿದರು. ಪಕ್ಕದ ಮನೆಯಿಂದ ಕೈಯಿರುವ ಕುರ್ಚಿ ತರಿಸಿ ಬುದ್ಧನ ಪಟದ ಕೆಳಗೆ ಹಾಕಿದರು. ಅವರು ನನ್ನೆದುರು ಕೂರಲು ಒಪ್ಪಲೇ ಇಲ್ಲ. ಸುಜಾತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ದಾರಿಯುದ್ದಕ್ಕೂ ನಾನೊಂದು ಮಾತು ಜೋಡಿಸಿಕೊಂಡು ಹೋಗಿದ್ದೆ, ತಪ್ಪೊಪ್ಪಿಕೊಳ್ಳುವ ಮಾತು. ಅದನ್ನು ಆಡಲು ಸಿದ್ದರಾಜು ಬಿಡಲಿಲ್ಲ. ಅವರೇ ಮೊದಲು ಶುರುಮಾಡಿದರು.

"ತಪ್ಪಾಗೋಯ್ತು ಮೇಡಮ್ಮೋರೇ, ಕ್ಷಮಿಸ್ಬುಡಿ. ನೀವು ಅಷ್ಟು ಜನದ್ ಮುಂದೆ ಕರೆದು ಒಳ್ಳೇದ್ನೇ ಏಳಿದ್ರಿ. ನಮ್ ಮಗೀಗೆ ಅದ್ನ ಉಳಿಸ್ಕೊಳ್ಳೋ ಯೋಗ್ಯತೆ ಇರ್ನಿಲ್ಲ. ನಿಮ್ ಮಾತ್ಗೂ ಬೆಲೆ ಇಲ್ದಂಗ್ ಮಾಡ್ಬುಟ್ಟಳು."

ನನ್ನ ವೃತ್ತಿಯಲ್ಲಿ ಎಷ್ಟೋ ಬೈಗುಳ ಕೇಳಿದ್ದೇನೆ. ಫೇಲಾದ ಹುಡುಗರ ಅಪ್ಪಂದಿರು ಮೇಜು ಗುದ್ದಿದ್ದಾರೆ. ಯಾವುದಕ್ಕೂ ನಾನು ಕುಗ್ಗಿದವಳಲ್ಲ. ಆ ಮನುಷ್ಯ ಕೈಮುಗಿದು ನನ್ನ ಕ್ಷಮೆ ಕೇಳಿದಾಗ ಮಾತ್ರ ಆ ಕುರ್ಚಿಯಲ್ಲಿ ಕೂತಿರಲು ಆಗಲಿಲ್ಲ. ಎದ್ದು ನಿಂತೆ. ನಾನು ಎದ್ದಿದ್ದು ಕೋಪಕ್ಕೆ ಎಂದುಕೊಂಡು ಅವರು ಇನ್ನಷ್ಟು ಬಗ್ಗಿದರು.

"ಸಿದ್ದರಾಜು ಅವರೇ, ದಯವಿಟ್ಟು ಕೈ ಇಳಿಸಿ. ನಾನು ಬಂದಿರೋದು ಸುಜಾತಾನ ಒಂದು ಮಾತು ಕೇಳೋಕೆ," ಎಂದೆ. ಅವಳ ಕಡೆ ತಿರುಗಿದೆ. "ಅವತ್ತು ನೀನು ಬಿ.ಬಿ.ಎ. ಅಂತ ಯಾಕೆ ಬರೆದಿದ್ದೆ?"

ಅವಳು ತಂದೆಯ ಕಡೆ ನೋಡಿದಳು. "ಏಳವ್ವ, ಮೇಡಮ್ಮೋರು ಕೇಳ್ತಾವ್ರೆ," ಎಂದರು ತಂದೆ.

"ಪಾಠ ಎರಡ್ರಲ್ಲೂ ಒಂದೇ ಅಂತ ಗೊತ್ತಿತ್ತು ಮೇಡಂ," ಎಂದಳು ಸುಜಾತ. "ಸಿಲಬಸ್ ಪಕ್ಕಪಕ್ಕ ಇಟ್ಕೊಂಡು ನೋಡಿದ್ದೆ. ಒಂದೇ ಅಂತಾನೇ ಬರ್ದಿದ್ದು. ನಾನು ಪಿ.ಯು.ಸಿ. ತನಕ ಕನ್ನಡ ಮೀಡಿಯಂ. ಒಂದೇ ಪಾಠ ಎರಡು ಸಲ ಬಂದ್ರೆ, ಮೊದಲ್ನೇ ಸಲ ಇಂಗ್ಲಿಷ್ ಅರ್ಥ ಆಗುತ್ತೆ, ಎರಡ್ನೇ ಸಲ ಪಾಠ ಅರ್ಥ ಆಗುತ್ತೆ ಅನ್ಕೊಂಡೆ."

"ಅವತ್ತೇ ಹೇಳಬಹುದಿತ್ತಲ್ಲಮ್ಮ."

"ಎಲ್ರೂ ನಗ್ತಾ ಇದ್ರು, ಮೇಡಂ."

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು ಅಷ್ಟೆ. ಆ ಪ್ರವೇಶದ ಮೇಜಿನಲ್ಲಿ ಕೂತು ನಾನು ನೂರಾರು ಅರ್ಜಿ ನೋಡಿದ್ದೆ. ಸಂಬಳ ಚೆನ್ನಾಗಿರುತ್ತಂತೆ, ಅಕ್ಕನ ಮಗ ತಗೊಂಡಿದ್ದಾನಂತೆ, ಹೆಸರು ಕೇಳಿದರೆ ದೊಡ್ಡದಾಗಿದೆ, ಇವೇ ಎಲ್ಲರ ಕಾರಣಗಳು. ತನ್ನ ಕೊರತೆ ಏನೆಂದು ತಾನೇ ಗುರುತಿಸಿ, ಅದನ್ನು ತುಂಬಿಕೊಳ್ಳುವ ದಾರಿ ತಾನೇ ಹುಡುಕಿ ಬರೆದವಳು ಇವಳೊಬ್ಬಳೇ. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು ಎಂಬ ಸೂತ್ರ ಹೇಳುತ್ತಿದ್ದವಳು ನಾನು. ಅದನ್ನು ಮಾಡಿ ತೋರಿಸಿದವಳನ್ನು ಊರ ಮುಂದೆ ನಗೆಗೀಡು ಮಾಡಿದವಳೂ ನಾನೇ. ಯಾಕೆ ಎಂಬ ಒಂದು ಪ್ರಶ್ನೆ ಕೇಳಲು ಅವತ್ತು ಅರ್ಧ ನಿಮಿಷ ಸಾಕಿತ್ತು.

"ತಪ್ಪು ನನ್ನದು," ಎಂದೆ. ಜೋಡಿಸಿಕೊಂಡು ಬಂದಿದ್ದ ಉಳಿದ ಮಾತೆಲ್ಲ ಎಲ್ಲಿ ಹೋಯಿತೋ. "ನಾನು ನಿನ್ನನ್ನ ನೋಡಿ ನಗಬಾರದಿತ್ತು, ನಗಿಸಲೂ ಬಾರದಿತ್ತು. ಟಿ.ಸಿ.ಗೆ ನಾನು ಸಹಿ ಹಾಕಿಲ್ಲ. ಬರುವ ಜುಲೈಗೆ ಬಿ.ಬಿ.ಎ.ಗೆ ಹೊಸದಾಗಿ ಸೇರಬಹುದು. ನಾನೇ ನಿಂತು ಸೇರಿಸ್ತೀನಿ. ಬಾ."

ಸಿದ್ದರಾಜು ಗಲಿಬಿಲಿಗೊಂಡು ಒಮ್ಮೆ ನನ್ನನ್ನೂ ಒಮ್ಮೆ ಮಗಳನ್ನೂ ನೋಡುತ್ತಿದ್ದರು. ಸುಜಾತ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಬೇಡ ಮೇಡಂ. ಎರಡೆರಡು ಪರೀಕ್ಷೆ ಇನ್ನ ನನ್ನಿಂದ ಆಗಲ್ಲ. ಬಿ.ಕಾಂ. ಒಂದೇ ಸಾಕು." ಆಮೇಲೆ ನೆಲ ನೋಡುತ್ತಾ ಹೇಳಿದಳು, "ಎರಡ್ನೇ ಸಲ ನೀವೇ ಹೇಳ್ಕೊಟ್ರೆ ಬರ್ತೀನಿ. ಕನ್ನಡದಲ್ಲಿ."

"ಏಯ್, ಮೇಡಮ್ಮೋರ್ನ ಅಂಗ್ ಕೇಳ್ತಾರಾ?" ಎಂದು ಸಿದ್ದರಾಜು ಗದರಿದರು.

ನಾನು ಆಗಲಿ ಎಂದೆ. ಆಗಲಿ ಎನ್ನುವಾಗ ನನಗೇನು ಅನ್ನಿಸಿತೆಂಬುದನ್ನೂ ಮುಚ್ಚಿಡಬಾರದು. ಕನ್ನಡದಲ್ಲಿ ತಾನೇ, ಅದೇನು ಮಹಾ ಎಂದುಕೊಂಡಿದ್ದೆ. ಮನೆಮಾತು ಕನ್ನಡವೇ, ಮಾರುಕಟ್ಟೆಯಲ್ಲಿ ಜಗಳವಾಡುವುದೂ ಕನ್ನಡದಲ್ಲೇ. ಅಷ್ಟು ಪೆಟ್ಟು ತಿಂದ ಮೇಲೂ ಒಳಗೆ ಒಂದಿಷ್ಟು ಜಂಬ ಉಳಿದೇ ಇತ್ತು.

ಸೋಮವಾರ ಸುಜಾತ ಕಾರ್ಖಾನೆಗೆ ಹೋಗದೆ ಕಾಲೇಜಿಗೆ ಬಂದಳು. ಅವಳೊಬ್ಬಳನ್ನೇ ಕೂರಿಸಿಕೊಂಡರೆ ಹುಡುಗರ ಬಾಯಿಗೆ ಇನ್ನೊಂದು ಹೆಸರು ಸಿಕ್ಕೀತೆಂದು ಹೆದರಿ ನಾನು ಇಡೀ ತರಗತಿಗೆ ಹೇಳಿದೆ, ಇವತ್ತಿನ ಪಾಠವನ್ನು ಸಂಜೆ ನಾಲ್ಕಕ್ಕೆ ಇದೇ ಕೋಣೆಯಲ್ಲಿ ಇನ್ನೊಮ್ಮೆ ಕನ್ನಡದಲ್ಲಿ ಹೇಳುತ್ತೇನೆ, ಬೇಕಾದವರು ಬನ್ನಿ ಎಂದು. ಇಬ್ಬರೋ ಮೂವರೋ ಬರಬಹುದು ಎಂಬ ಅಂದಾಜಿನಲ್ಲಿ ಹೋದೆ. ಅರ್ಧಕ್ಕಿಂತ ಹೆಚ್ಚು ತರಗತಿ ಬಂದು ಕೂತಿತ್ತು. ಸುಜಾತಳಿಗೆ ಅಡ್ಡಹೆಸರಿಟ್ಟು ಕರೆಯುತ್ತಿದ್ದ ಹಿಂದಿನ ಬೆಂಚಿನ ಹುಡುಗರೂ ಇದ್ದರು. ಅವತ್ತು ಕುರ್ಚಿ ಕುಟ್ಟಿ ನಕ್ಕವರು, ನಕ್ಕರೆ ತಮಗೂ ಇಂಗ್ಲಿಷ್ ಬಾರದ ಗುಟ್ಟು ಹೊರಬೀಳುವುದಿಲ್ಲವೆಂದು ನಕ್ಕಿದ್ದರೋ ಏನೋ.

ಅಂದಿನ ಪಾಠ ಡಿಪ್ರಿಸಿಯೇಷನ್, ಕನ್ನಡದಲ್ಲಿ ಸವಕಳಿ. ಯಂತ್ರವೊಂದು ಕೊಂಡ ಮೇಲೆ ವರ್ಷ ವರ್ಷ ಸವೆಯುತ್ತದೆ, ಆ ಸವೆತವನ್ನು ವರ್ಷದ ಖರ್ಚು ಎಂದು ತೋರಿಸಬೇಕು. ಇಷ್ಟನ್ನು ಸರಾಗವಾಗಿ ಹೇಳಿದೆ. ಒಬ್ಬ ಹುಡುಗ ಎದ್ದು, "ಮೇಡಂ, ಸವೆದಿದ್ದಕ್ಕೆ ನಾವು ಯಾರಿಗೂ ದುಡ್ಡು ಕೊಡಲಿಲ್ವಲ್ಲ, ಮತ್ತೆ ಖರ್ಚು ಹೇಗಾಯ್ತು?" ಎಂದ.

"ಅದು ನಾನ್ ಕ್ಯಾಶ್ ಎಕ್ಸ್‌ಪೆನ್ಸ್," ಎಂದೆ.

"ಅಂದ್ರೆ?"

"ಅಂದ್ರೆ ನಗದಲ್ಲದ ಖರ್ಚು."

"ಅದೇ ಮೇಡಂ, ನಗದು ಹೋಗದೆ ಇರೋದು ಖರ್ಚು ಹೇಗಾಗುತ್ತೆ?"

ನಾನು ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದೆ. ಆಮೇಲೆ ಬೋರ್ಡಿನ ಕಡೆ ತಿರುಗಿ ಸೂತ್ರ ಬರೆದೆ. ಬರೆದು ಮುಗಿಸಿ ಮಕ್ಕಳ ಕಡೆ ತಿರುಗಲು ಧೈರ್ಯ ಸಾಲಲಿಲ್ಲ. ಮೂವತ್ತು ವರ್ಷ ನಾನು ಇದನ್ನು ಒಮ್ಮೆಯೂ ತಡವರಿಸದೆ ಹೇಳಿಕೊಟ್ಟಿದ್ದೇನೆ. ಇಂಗ್ಲಿಷಿನ ಆ ಮೂರು ಪದಗಳನ್ನು ಎಸೆದರೆ ಕೇಳುವವರು ತಲೆಯಾಡಿಸುತ್ತಿದ್ದರು, ಮುಂದಿನ ಪುಟಕ್ಕೆ ಹೋಗುತ್ತಿದ್ದೆವು. ಪದಗಳನ್ನು ಬಿಟ್ಟು ಬರಿಗೈಯಲ್ಲಿ ಹೇಳು ಎಂದಾಗ ನನ್ನ ಹತ್ತಿರ ಏನೂ ಇರಲಿಲ್ಲ. ನಾನು ಇಷ್ಟು ಕಾಲ ಮಾಡಿದ್ದು ಇಂಗ್ಲಿಷಿನ ಪಾಠವೋ ಫೈನಾನ್ಸಿನ ಪಾಠವೋ ಎಂಬ ಅನುಮಾನ ಬಂತು. ನಾಳೆ ಹೇಳುತ್ತೇನೆ ಎಂದು ಅಲ್ಲಿಂದ ಹೊರಟೆ. ಮನೆಗೆ ಹೋಗಿ ಮೊದಲ ವರ್ಷದ ಪಠ್ಯವನ್ನು ಹೊಸ ವಿದ್ಯಾರ್ಥಿಯ ಹಾಗೆ ಓದಲು ಕೂತೆ.

ಈಗ ಸುಜಾತ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಉಳಿದಿದ್ದ ಮೂರು ವಿಷಯಗಳನ್ನೂ ಮುಗಿಸಿಕೊಂಡಿದ್ದಾಳೆ. ಎರಡನೇ ಪದವಿಯ ಕಡೆ ಅವಳು ಮತ್ತೆ ತಿರುಗಿ ನೋಡಲಿಲ್ಲ. ನಿವೃತ್ತಿಯಾಗುವವರೆಗೂ ನಾನು ಸಂಜೆಯ ಆ ಪಾಠ ನಿಲ್ಲಿಸಲಿಲ್ಲ. ಕಾಂಬಿನೇಷನ್ನಿನ ಮೇಜನ್ನು ಮುಂದಿನ ವರ್ಷ ನನ್ನ ಕೋಣೆಯೊಳಗೆ ಹಾಕಿಸಿ, ಬಾಗಿಲು ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದು, ಸಲಹೆಗೆ ಮೊದಲು ಕಾರಣ ಕೇಳುವುದನ್ನು ರೂಢಿ ಮಾಡಿಕೊಂಡೆ. ಸಲಹೆ ಕೊಡುವ ಸ್ಥಾನದಲ್ಲಿ ಕೂತವರಿಗೆ ನನ್ನ ವೃತ್ತಿ ಕಲಿಸಿದ್ದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಎದುರಿಗಿರುವವರ ಆಯ್ಕೆ ಪೆದ್ದುತನದಂತೆ ಕಂಡರೆ, ನಮಗೆ ಗೊತ್ತಿಲ್ಲದ ಏನೋ ಒಂದು ಅವರಿಗೆ ಗೊತ್ತಿದೆ ಎಂದು ಮೊದಲು ಅನುಮಾನಿಸಬೇಕು. ಇದನ್ನು ಕಲಿಯಲು ಮೂವತ್ತು ವರ್ಷ ಹಿಡಿಯಿತು ಎಂದು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಆ ಮಂಗಳವಾರದ ಸಂಜೆಯ ಬಗ್ಗೆ ಹೇಳಿ ಮುಗಿಸುತ್ತೇನೆ. ಹಿಂದಿನ ದಿನ ಸಿಕ್ಕಿಹಾಕಿಕೊಂಡಿದ್ದ ಪಾಠವನ್ನು ಓದಿಕೊಂಡು ಹೋಗಿದ್ದೆ. ಹೋಟೆಲಿನವನೊಬ್ಬ ಗ್ರೈಂಡರ್ ಕೊಂಡ ಕಥೆ ಮಾಡಿ ಹೇಳಿದೆ. ದುಡ್ಡು ಕೊಟ್ಟಿದ್ದು ಮೊದಲ ದಿನವೇ, ಆದರೆ ಗ್ರೈಂಡರ್ ದುಡಿಯುವುದು ಹತ್ತು ವರ್ಷ. ಹಾಗಾಗಿ ಅಂದು ಕೊಟ್ಟ ದುಡ್ಡನ್ನು ಹತ್ತು ವರ್ಷಕ್ಕೂ ಹಂಚಿ ಬರೆಯುತ್ತೇವೆ, ಅಷ್ಟೆ. ಹೇಳಿ ಮುಗಿಸಿದಾಗ ಚೆನ್ನಾಗಿ ಹೇಳಿದೆ ಎಂದೇ ಅನ್ನಿಸಿತು. ಅಭ್ಯಾಸಬಲದಿಂದ ಕೇಳಿದೆ, "ಅರ್ಥ ಆಯ್ತಾ?"

ಸೇವೆಗೆ ಸೇರಿದ ದಿನದಿಂದ ಪ್ರತಿ ಪಾಠದ ಕೊನೆಯಲ್ಲೂ ನಾನು ಈ ಪ್ರಶ್ನೆ ಕೇಳಿದ್ದೇನೆ. ಪ್ರತಿ ಸಲವೂ ಇಡೀ ತರಗತಿ ಒಂದೇ ದನಿಯಲ್ಲಿ ಎಸ್ ಮೇಡಂ ಎಂದಿದೆ. ಅಂದು ಯಾರೂ ಏನೂ ಅನ್ನಲಿಲ್ಲ. ಮೂರನೇ ಬೆಂಚಿನಿಂದ ಸುಜಾತ ಎದ್ದು ನಿಂತಳು. ನನ್ನ ಮುಖವನ್ನೇ ನೋಡುತ್ತಾ ಹೇಳಿದಳು.

"ಇಲ್ಲ ಮೇಡಂ. ಇನ್ನೊಂದ್ಸಲ ಹೇಳಿ."